ವಾರಸುದಾರರ ಜಗಳದ ನಡುವೆ ಫ್ಯಾಂಟಮ್ ಲೇಡಿ

ಹಳೆಯ ಅಮೆರಿಕನ್ ಕಾಮಿಕ್ಸ್ ಕಥೆಯೊಂದನ್ನು ಕನ್ನಡಕ್ಕೆ ತರಲು ಹೊರಟಾಗ ನಾನು ಆರಿಸಿಕೊಂಡದ್ದು ಫ್ಯಾಂಟಮ್ ಲೇಡಿಯನ್ನು. ಸೆನೆಟರ್ ಹೆನ್ರಿ ನೈಟ್ ಅವರ ಮಗಳು ಸಾಂಡ್ರಾಳೇ ಈ ಹೆಸರಿನಲ್ಲಿ ಖಳರನ್ನು ಎದುರಿಸುವವಳು. ಕೈಯಲ್ಲಿ ಖಳರ ಕಣ್ಣಿಗೆ ಕತ್ತಲೆ ಕವಿಸುವ ಕಪ್ಪು ಬೆಳಕಿನ ಯಂತ್ರ. ಮುಖಕ್ಕೆ ಮುಸುಕೇ ಇಲ್ಲ, ಆದರೂ ಹೆತ್ತ ತಂದೆಗೇ ಗುರುತು ಸಿಗುವುದಿಲ್ಲ!

ಇವಳು ಯಾರ ಸೊತ್ತು ಎಂಬುದೇ ತಕರಾರು. 1941ರ ಆಗಸ್ಟ್ ತಿಂಗಳ ‘ಪೊಲೀಸ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಆರ್ಥರ್ ಪೆಡ್ಡಿ ಅವಳ ಚಿತ್ರ ಬರೆದರು. ಪ್ರಕಟಿಸಿದ್ದು ಕ್ವಾಲಿಟಿ ಸಂಸ್ಥೆ. ಪುಟಗಳು ತಯಾರಾದದ್ದು ಜೆರ್ರಿ ಐಗರ್ ಸ್ಟುಡಿಯೋದಲ್ಲಿ. ಕ್ವಾಲಿಟಿ ಕೈಬಿಟ್ಟ ಮೇಲೆ ಐಗರ್ ಅವಳನ್ನು ತನ್ನವಳೆಂದೇ 1947ರಲ್ಲಿ ಫಾಕ್ಸ್ ಪ್ರಕಾಶನಕ್ಕೆ ಒಯ್ದರು. ಮುಂದೆ ಕ್ವಾಲಿಟಿಯ ಪಾತ್ರಗಳನ್ನು ಕೊಂಡ ಡಿಸಿ ಕಾಮಿಕ್ಸ್ ಸಂಸ್ಥೆ ಕೂಡ ಅವಳು ತನ್ನವಳೆಂದಿತು. ಎಸಿ ಕಾಮಿಕ್ಸ್ ಅವಳನ್ನು ಬಳಸಹೊರಟಾಗ ಡಿಸಿ ಆಕ್ಷೇಪಿಸಿ, ಅವರ ನಾಯಕಿ ನೈಟ್‌ವೇಲ್ ಆಗಬೇಕಾಯಿತು.

ಈ ವ್ಯಾಜ್ಯ ಬಿಡಿಸುವುದು ನನ್ನ ಕೆಲಸವಲ್ಲ. ಅಂದಿನ ಅಮೆರಿಕದ ಕಾನೂನಿನಂತೆ 28ನೆಯ ವರ್ಷದಲ್ಲಿ ನವೀಕರಿಸದ ಹಕ್ಕುಸ್ವಾಮ್ಯ ಬಿದ್ದುಹೋಗುತ್ತಿತ್ತು. ಹೆತ್ತವರು ಯಾರೇ ಇರಲಿ, ನವೀಕರಿಸಿದವರು ಇದ್ದಾರೆಯೇ ಎಂದಷ್ಟೇ ನೋಡಬೇಕು. 1947ರ ಸಂಚಿಕೆಗಾಗಿ 1974 ಮತ್ತು 1975ರ ಹಕ್ಕುಸ್ವಾಮ್ಯ ಸೂಚಿಗಳ ಸ್ಕ್ಯಾನ್ ಪ್ರತಿಗಳನ್ನು ತಿರುವಿಹಾಕಿದೆ; ನವೀಕರಣದ ನಮೂದು ಸಿಗಲಿಲ್ಲ, ಅಂದರೆ ಅಲ್ಲಿ ಹಕ್ಕು ಉಳಿದಿಲ್ಲ. ವಿದೇಶಿ ಕೃತಿಗೆ ಅದರ ಮೂಲ ದೇಶದಲ್ಲಿರುವುದಕ್ಕಿಂತ ದೀರ್ಘ ಅವಧಿ ಭಾರತದಲ್ಲೂ ಸಿಗುವುದಿಲ್ಲ.

ಫಾಕ್ಸ್ ಸಂಚಿಕೆಗಳನ್ನೇ ಹಿಡಿದದ್ದಕ್ಕೆ ಕಾರಣ ಅವುಗಳ ಚಿತ್ರಕಾರ ಮ್ಯಾಟ್ ಬೇಕರ್. ಆ ಕಾಲದ ಅಮೆರಿಕದಲ್ಲಿ ಕಾಮಿಕ್ಸ್ ಕ್ಷೇತ್ರದಲ್ಲಿ ಹೆಸರು ಮಾಡಿದ ಬೆರಳೆಣಿಕೆಯ ಕಪ್ಪು ಕಲಾವಿದರಲ್ಲಿ ಅವರೊಬ್ಬರು. ಬಟ್ಟೆಯ ಒಂದೊಂದು ನೆರಿಗೆಗೂ ಅವರ ಕುಂಚ ತೆಳುವಾಗಿ ಹೊರಟು, ನಡುವೆ ದಪ್ಪವಾಗಿ, ಮತ್ತೆ ತೆಳುವಾಗಿ ಮುಗಿಯುತ್ತದೆ. ಸ್ಕ್ಯಾನ್‌ನ ಬಣ್ಣದ ಚುಕ್ಕೆಗಳನ್ನು ತೆಗೆದು ಆ ಗೆರೆಗಳನ್ನು ಮತ್ತೆ ಎಳೆಯುವುದರಲ್ಲೇ ಬಹುಪಾಲು ಸಮಯ ಕಳೆಯಿತು, ನನಗದು ಪಾಠಶಾಲೆ. 17ನೆಯ ಸಂಚಿಕೆಯ ಮುಖಪುಟವನ್ನು ಮುಟ್ಟಲಿಲ್ಲ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಮಕ್ಕಳನ್ನು ಕೆಡಿಸುವ ಕಾಮಿಕ್ಸ್‌ಗೆ ಉದಾಹರಣೆಯಾಗಿ ತೋರಿಸಿದ್ದು ಅದನ್ನೇ. ವರ್ಥಮ್ ವಾದ ನನಗೆ ಒಪ್ಪಿಗೆಯಿಲ್ಲ, ಆದರೆ ಕಂಬಕ್ಕೆ ಕಟ್ಟಿದ ಹೆಣ್ಣನ್ನು ಮುಖಪುಟದಲ್ಲಿ ಮಾರುವುದೂ ನನ್ನಿಂದಾಗದು.

ಮಾತಿನ ಗುಳ್ಳೆಗಳೇ ನಿಜವಾದ ತಲೆನೋವು. ಇಂಗ್ಲಿಷ್ ದೊಡ್ಡಕ್ಷರಗಳು ಒತ್ತೊತ್ತಾಗಿ ಕೂರುತ್ತವೆ. ಅಲ್ಲೇ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರ ಕಿರಿದು ಮಾಡುವ ಬದಲು ಮಾತನ್ನೇ ಕತ್ತರಿಸಿದೆ. ಕುರುಡಾದ ಖಳ ಉದ್ದಕ್ಕೆ ಅರಚುವಲ್ಲಿ ‘ಅಯ್ಯೋ, ಕಣ್ಣು!’ ಎಂದಷ್ಟೇ ಇಟ್ಟೆ. ಚಿತ್ರದಲ್ಲಿ ಅವನು ಮುಖ ಮುಚ್ಚಿಕೊಂಡು ತತ್ತರಿಸುತ್ತಿರುವಾಗ ಉಳಿದ ವಿವರಣೆ ಯಾರಿಗೆ ಬೇಕು?

ಹೆಸರಿನ ಮೇಲಿನ ಹಕ್ಕಾದ ಟ್ರೇಡ್‌ಮಾರ್ಕ್ ಮಾತ್ರ ಬೇರೆಯೇ ಸಂಗತಿ, ಅದಕ್ಕೆ ನವೀಕರಣದ ಆ ಲೆಕ್ಕ ಸಲ್ಲದು. ಹಾಗಾಗಿ ಅವಳ ಹೆಸರು ಕಥೆಯೊಳಗೇ ಉಳಿಯಿತು, ಪುಸ್ತಕಕ್ಕೆ ‘ಕಪ್ಪು ಬೆಳಕು’ ಎಂದು ಹೆಸರಿಟ್ಟೆ.