ರೆಪ್ಪೆ ಜೋತು ಬಿದ್ದರೆ ನಿದ್ದೆ ಅಂದುಕೊಳ್ಳಬೇಡಿ: ಕಟ್ಟುಹಾವು ಕಚ್ಚಿದಾಗ ಏನು ಮಾಡಬೇಕು

ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ನಾನು ಜಾಸ್ತಿ ಮಾಡಿದ್ದು ರಾತ್ರಿ ಪಾಳಿ. ಒಂದು ಬೆಳಗಿನ ಜಾವ ಹತ್ತೊಂಬತ್ತು ವರ್ಷದ ಹುಡುಗನನ್ನು ಅವನ ತಾಯಿ ಕರೆತಂದರು. ಹೊಟ್ಟೆನೋವು ಅಂದರು. ಹುಡುಗನಿಗೆ ಕಣ್ಣು ಪೂರ್ತಿ ಬಿಡಲು ಆಗುತ್ತಿರಲಿಲ್ಲ. "ಗದ್ದೆಗೆ ನೀರು ಕಟ್ಟಿ ತಡವಾಗಿ ಮಲಗಿದ ಸಿಸ್ಟರ್, ನಿದ್ದೆಗಣ್ಣು ಅಷ್ಟೇ" ಅಂದರು. ಎಲ್ಲಿ ಮಲಗಿದ್ದ ಎಂದು ಕೇಳಿದೆ. ನೆಲದ ಮೇಲೆ, ಚಾಪೆ ಹಾಸಿಕೊಂಡು. ಮೈಮೇಲೆ ಎಲ್ಲೂ ಊತ ಇಲ್ಲ. ಮೊಣಕೈ ಹತ್ತಿರ ಸೊಳ್ಳೆ ಕಚ್ಚಿದ ಹಾಗೆ ಎರಡು ಚುಕ್ಕೆ.

ಕಟ್ಟುಹಾವು ಕಚ್ಚಿದರೆ ಹೀಗೇ. ಕಪ್ಪಗೆ ಹೊಳೆಯುವ ಮೈ, ಅದರ ಮೇಲೆ ತೆಳ್ಳನೆಯ ಬಿಳಿ ಪಟ್ಟೆ. ಓಡಾಡುವುದು ರಾತ್ರಿ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಹಾಗಾಗಿ ನೆಲದ ಮೇಲೆ ಮಲಗಿದವರು ಬೆಳಗ್ಗೆ ಹೊಟ್ಟೆನೋವು, ವಾಂತಿ ಅಂದರೆ ಮೊದಲು ಕಣ್ಣಿನ ರೆಪ್ಪೆ ನೋಡಿ.

ಯಾಕೆ ರೆಪ್ಪೆ? ಇದು ನರವಿಷ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹೊರಟು ಸ್ನಾಯುವನ್ನು ಮುಟ್ಟಿದರೆ ಮಾತ್ರ ಸ್ನಾಯು ಅಲುಗುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ಕಡೆ ಕೂತು ದಾರಿ ಅಡ್ಡಗಟ್ಟುತ್ತದೆ. ಗದ್ದೆಯ ಬಾಯಿಗೆ ಮಣ್ಣು ಮುಚ್ಚಿದ ಹಾಗೆ. ಮಣ್ಣು ತೆಗೆದರೆ ನೀರು ಹರಿಯುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ. ಅದು ಮೋಟರ್ ಸುಟ್ಟ ಹಾಗೆ. ಒಮ್ಮೆ ಹಾಳಾದ ತುದಿ ಔಷಧಿ ಕೊಟ್ಟ ಕೂಡಲೇ ಸರಿಹೋಗುವುದಿಲ್ಲ, ಮತ್ತೆ ಬೆಳೆಯಲು ದಿನಗಟ್ಟಲೆ ಬೇಕು. ಅದಕ್ಕೇ ಇಷ್ಟು ಅವಸರ. ಮೊದಲು ರೆಪ್ಪೆ ಸೋಲುತ್ತದೆ, ಆಮೇಲೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು.

ಅನುಮಾನ ಬಂದ ಕೂಡಲೇ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡ ಅನ್ನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಕಚ್ಚಿದ ಕೈಕಾಲು ಅಲುಗದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ. ಉಂಗುರ, ಬಳೆ ತೆಗೆಯಿರಿ. ಹಗ್ಗ ಬಿಗಿದು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ನೀರು, ಕಾಫಿ ಕೂಡ ಕೊಡಬೇಡಿ. ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎಡಮಗ್ಗುಲಿಗೆ ಮಲಗಿಸಿ. ಹಾವು ಹುಡುಕಿಕೊಂಡು ಹೊತ್ತು ಕಳೆಯಬೇಡಿ. ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

ದಾರಿಯಲ್ಲಿ ಒಂದು ಕೆಲಸ ಮಾಡಿ. ಜೋರಾಗಿ ಉಸಿರೆಳೆದುಕೊಂಡು ಒಂದೇ ಉಸಿರಿಗೆ ಒಂದು, ಎರಡು ಎಂದು ಎಣಿಸಲು ಹೇಳಿ. ಎಷ್ಟಕ್ಕೆ ನಿಂತಿತು ಎಂದು ಬರೆದುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಲು ಹೇಳಿ. ಎಣಿಕೆ ಇಳಿಯುತ್ತಾ ಹೋದರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ನಮ್ಮ ಹುಡುಗ ಮೊದಲು ಇಪ್ಪತ್ತೆರಡಕ್ಕೆ ನಿಂತ, ಆಮೇಲೆ ಹದಿನಾಲ್ಕು, ಆಮೇಲೆ ಒಂಬತ್ತು. ವಿಷನಿರೋಧಕ ಹಾಕಿ ಜಿಲ್ಲಾಸ್ಪತ್ರೆಗೆ ಕಳಿಸುವಾಗ ಅವನ ಬಾಯಿಗೆ ಟ್ಯೂಬ್ ಹಾಕಿದ್ದರು. ದಾರಿಯುದ್ದಕ್ಕೂ ನಾನೇ ಕೈಯಲ್ಲಿ ಬ್ಯಾಗ್ ಒತ್ತುತ್ತಾ ಉಸಿರು ಕೊಟ್ಟೆ. ಕೈಕಾಲು ಪೂರ್ತಿ ಬಿದ್ದುಹೋಗಿದ್ದವು. "ನನ್ನ ಮಗ ಹೋಗಿಬಿಟ್ಟ" ಎಂದು ತಾಯಿ ಅಳುತ್ತಿದ್ದರು.

ವೆಂಟಿಲೇಟರ್‌ನಲ್ಲಿ ಆರನೇ ದಿನ ಅವನ ಬೆರಳು ಅಲುಗಿತು. ಊರಿಗೆ ಹೋಗುವ ಮುಂಚೆ ನಮ್ಮ ವಾರ್ಡಿಗೆ ಬಂದಿದ್ದ. "ಸಿಸ್ಟರ್, ಗಾಡಿಯಲ್ಲಿ ಅಮ್ಮ ಅತ್ತಿದ್ದೆಲ್ಲ ಕೇಳಿಸ್ತಿತ್ತು. ಬದುಕಿದೀನಿ ಅಂತ ಹೇಳೋಣ ಅಂದ್ರೆ ಆಗ್ತಿರಲಿಲ್ಲ" ಅಂದ.

ನರವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಪ್ರಜ್ಞೆ ಇದ್ದೇ ಇರುತ್ತದೆ. ಆಮೇಲಿಂದ ಅಂಥವರಿಗೆ ಸೂಜಿ ಚುಚ್ಚುವ ಮುಂಚೆ ಹೆಸರು ಹಿಡಿದು ಕರೆದು, "ಈಗ ಸ್ವಲ್ಪ ನೋಯುತ್ತೆ, ಅಮ್ಮ ಇಲ್ಲೇ ಇದ್ದಾರೆ" ಎಂದು ಹೇಳಿಯೇ ಚುಚ್ಚುತ್ತಿದ್ದೆ. ಪಕ್ಕದಲ್ಲಿ ಕೂತವರೂ ಕೈ ಹಿಡಿದು ಮಾತಾಡಿ.