ಎರಡು ಬಾವಿ, ಒಂದು ‘ದಿ’

ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಪೀಠ ಬಂದ ಮೇಲೆ ನಿಧಾನವಾಗಿ ಅನುವಾದಕನಾದೆ. ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ, ಪಹಣಿ ಕನ್ನಡದಲ್ಲಿರುತ್ತದೆ, ನಿಜಾಮರ ಕಾಲದ ಖರೀದಿ ಪತ್ರವಾದರೆ ಉರ್ದುವಿನಲ್ಲಿರುತ್ತದೆ. ಆದರೆ ಸಂವಿಧಾನದ 348ನೇ ವಿಧಿಯಂತೆ ಉಚ್ಚ ನ್ಯಾಯಾಲಯದ ಕಲಾಪ ನಡೆಯುವುದು ಇಂಗ್ಲಿಷಿನಲ್ಲಿ. ಹೀಗಾಗಿ ಆಳಂದದ ಅಥವಾ ಚಿಂಚೋಳಿಯ ರೈತನೊಬ್ಬನ ಹೊಲದ ತಕರಾರು ಮೇಲ್ಮನವಿಗೆ ಬಂದಾಗ, ಅವನು ಆಡಿದ ಮಾತನ್ನೆಲ್ಲ ಇಂಗ್ಲಿಷಿಗೆ ದಾಟಿಸುವವರೊಬ್ಬರು ಬೇಕಾಗುತ್ತಾರೆ. ಹದಿನೈದು ವರ್ಷಕ್ಕೂ ಮೇಲ್ಪಟ್ಟು ಆ ಕೆಲಸ ಮಾಡಿಕೊಂಡು ಬಂದಿರುವ ನನಗೆ ಇಂಗ್ಲಿಷಿನ ಮೇಲೆ ಪ್ರೀತಿ ಹುಟ್ಟಿದ್ದು ಅದರ ದೊಡ್ಡ ಪದಗಳಿಂದಲ್ಲ, ಬಹಳ ಸಣ್ಣ ಪದಗಳಿಂದ.

ನಾನು ಓದಿದ್ದು ಆಳಂದ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಅಕ್ಷರಮಾಲೆಯನ್ನು ಕಂಡಿದ್ದೇ ಐದನೆಯ ತರಗತಿಯಲ್ಲಿ. ಭಾಷೆ ಕಿವಿಗೆ ಹತ್ತಿದ್ದು ಆಕಾಶವಾಣಿಯ ರಾತ್ರಿ 9 ಗಂಟೆಯ ಇಂಗ್ಲಿಷ್ ವಾರ್ತೆಯಿಂದ. ಅರ್ಥವಾಗದಿದ್ದರೂ ಪ್ರತಿ ಪದದ ಅಂಚು ಬಿಡಿಯಾಗಿ ಕೇಳುವಂಥ ಆ ಓದು ನನಗೆ ಬಹಳ ಹಿಡಿಸಿತ್ತು. ಮುಂದೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಟೈಪಿಂಗ್ ಶಾಲೆಯಲ್ಲಿ ಒಂದೇ ಪುಟವನ್ನು ಹತ್ತಾರು ಸಲ ಟೈಪ್ ಮಾಡುವಾಗ ಬೆರಳುಗಳಿಗೆ ಅದರ ವಾಕ್ಯರಚನೆ ಪರಿಚಯವಾಯಿತು. ಇಷ್ಟೆಲ್ಲ ಆದರೂ ಇಂಗ್ಲಿಷಿನ ಒಂದು ಪದಕ್ಕೆ ಎಷ್ಟು ತೂಕವಿರುತ್ತದೆ ಎಂದು ನನಗೆ ತಿಳಿದದ್ದು ಒಂದು ಬಾವಿಯಿಂದ.

ಅದೊಂದು ಖರೀದಿ ಪತ್ರ. ಪಶ್ಚಿಮ ಭಾಗದ 3 ಎಕರೆ 20 ಗುಂಟೆ ಜಮೀನನ್ನು ‘ಬಾವಿಯ ನೀರಿನ ಅರ್ಧ ಪಾಲು ಸಹಿತ’ ಮಾರಿದ್ದಾಗಿ ಅದರಲ್ಲಿ ಬರೆದಿತ್ತು. ನಾನು ಯೋಚಿಸದೆ ‘ಹಾಫ್ ಶೇರ್ ಇನ್ ದಿ ವಾಟರ್ ಆಫ್ ದಿ ವೆಲ್’ ಎಂದು ಟೈಪ್ ಮಾಡಿದೆ. ನಮ್ಮ ಹಿರಿಯ ವಕೀಲರು ಪೆನ್ನಿನ ತುದಿಯನ್ನು ಎರಡನೆಯ ‘ದಿ’ಯ ಮೇಲಿಟ್ಟು, “ಈ ಹೊಲದಾಗ ಬಾವಿ ಎಷ್ಟವ, ತಮ್ಮಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಕಕ್ಷಿಗಾರನನ್ನು ಕರೆದು ಕೇಳಿದರೆ, “ಎರಡವ್ರಿ ಸಾಹೇಬ್ರ, ಒಂದ್ ಬತ್ತೇದ” ಎಂದ. ಕನ್ನಡದ ‘ಬಾವಿಯ ನೀರು’ ಎಂಬ ಮಾತು ಎಷ್ಟು ಬಾವಿ ಎಂದು ಹೇಳುವುದೂ ಇಲ್ಲ, ಯಾವ ಬಾವಿ ಎಂದು ತೋರಿಸುವುದೂ ಇಲ್ಲ. ಇಂಗ್ಲಿಷಿನಲ್ಲಿ ‘ದಿ ವೆಲ್’ ಎಂದ ಕೂಡಲೇ ಇರುವುದೊಂದೇ ಬಾವಿ, ಅದು ಓದುವವರಿಗೆ ಮೊದಲೇ ಗೊತ್ತಿರುವ ಬಾವಿ ಎಂದಾಗುತ್ತದೆ. ‘ಎ ವೆಲ್’ ಎಂದರೆ ಹಲವದರಲ್ಲಿ ಯಾವುದೋ ಒಂದು ಎಂದಾಗುತ್ತದೆ. ಮೂಲ ಪತ್ರ ಹೇಳದೇ ಬಿಟ್ಟದ್ದನ್ನು ಅನುವಾದಕ ತಾನಾಗಿ ತೀರ್ಮಾನಿಸುವಂತಿಲ್ಲ; ಅದು ನ್ಯಾಯಾಲಯದ ಕೆಲಸ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ‘ಹಾಫ್ ಶೇರ್ ಇನ್ ವೆಲ್ ವಾಟರ್’ ಎಂಬುದು ಹೊಳೆಯಿತು. ‘ವೆಲ್ ವಾಟರ್’ ಬಾವಿಗಳನ್ನು ಎಣಿಸುವುದಿಲ್ಲ. ನಮ್ಮ ‘ಬಾವಿನೀರು’ ಇದ್ದಂತೆಯೇ ಇದೆ. ಮೂರು ಅಕ್ಷರದ ಆ ಪದವನ್ನು ತೆಗೆದಾಗ ನನಗಾದ ಸಂತೋಷ ಈಗಲೂ ನೆನಪಿದೆ. ಅಂದಿನಿಂದ ನಾನು ಟೈಪ್ ಮಾಡಿದ ಪುಟವನ್ನು ಒಪ್ಪಿಸುವ ಮೊದಲು ‘ಎ’ ಮತ್ತು ‘ದಿ’ಗಳಿಗಾಗಿಯೇ ಒಂದು ಸಲ ಬೇರೆಯಾಗಿ ಓದುತ್ತೇನೆ, ಪ್ರತಿಯೊಂದರ ಕೆಳಗೂ ಪೆನ್ಸಿಲಿನಿಂದ ಚುಕ್ಕೆ ಇಟ್ಟು, ಇದು ಯಾಕೆ ಇಲ್ಲಿದೆ ಎಂದು ಕೇಳಿಕೊಳ್ಳುತ್ತೇನೆ.

ಇದಕ್ಕಿಂತ ಕಷ್ಟದ್ದು ನಮ್ಮ ‘ಅಂತೆ’. ಬದುವಿನ ಜಗಳದ ದಾವೆಯೊಂದರಲ್ಲಿ ಸಾಕ್ಷಿಯ ಹೇಳಿಕೆ ‘ಪ್ರತಿವಾದಿಯು ಬದುವನ್ನು ಒಡೆದು ಹಾಕಿದನಂತೆ’ ಎಂದು ದಾಖಲಾಗಿತ್ತು. ಸಾಕ್ಷಿ ಅದನ್ನು ಕಣ್ಣಾರೆ ಕಂಡಿಲ್ಲ, ಕೇಳಿ ತಿಳಿದಿದ್ದಾನೆ ಎಂಬುದನ್ನು ಕನ್ನಡ ಒಂದೇ ಪ್ರತ್ಯಯದಲ್ಲಿ ಹೇಳಿ ಮುಗಿಸುತ್ತದೆ. ಅವಸರದ ಅನುವಾದದಲ್ಲಿ ಆ ‘ಅಂತೆ’ ಬಿದ್ದುಹೋಗಿ ‘ದಿ ಡಿಫೆಂಡೆಂಟ್ ರಿಮೂವ್ಡ್ ದಿ ಬಂಡ್’ ಎಂದಾದರೆ, ಕೇಳಿದ ಮಾತು ಕಂಡ ಮಾತಾಗುತ್ತದೆ, ಕಿವಿಸಾಕ್ಷಿ ಕಣ್ಣುಸಾಕ್ಷಿಯಾಗುತ್ತದೆ. ಇದನ್ನು ಸರಿಪಡಿಸಲು ಕುಳಿತಾಗ ಇಂಗ್ಲಿಷ್ ನನ್ನ ಮುಂದೆ ನಾಲ್ಕು ದಾರಿ ಇಟ್ಟಿತು. ‘ಅಲೆಜೆಡ್ಲಿ’ ಎಂದರೆ ಅದರಲ್ಲಿ ಆಪಾದನೆಯ ವಾಸನೆ ಇದೆ, ಸಾಕ್ಷಿ ಆಪಾದಿಸಿರಲಿಲ್ಲ. ‘ರಿಪೋರ್ಟೆಡ್ಲಿ’ ಎಂಬುದು ಪತ್ರಿಕೆಯ ಭಾಷೆ. ‘ಐ ವಾಸ್ ಟೋಲ್ಡ್’ ಎಂದರೆ ಯಾರೋ ಒಬ್ಬರು ಬಂದು ಇವನಿಗೇ ಹೇಳಿದರು ಎಂದಾಗುತ್ತದೆ. ಊರಲ್ಲಿ ಜನ ಆಡಿಕೊಳ್ಳುವುದು ಸುಮ್ಮನೆ ಕಿವಿಗೆ ಬಿದ್ದದ್ದೂ ಆಗಿರಬಹುದಲ್ಲ. ಕೊನೆಗೆ ‘ಈಸ್ ಸೆಡ್ ಟು ಹ್ಯಾವ್ ರಿಮೂವ್ಡ್’ ಎಂಬುದನ್ನು ಉಳಿಸಿಕೊಂಡೆ. ಅದರಲ್ಲಿ ಹೇಳಿದವರು ಯಾರೆಂದಿಲ್ಲ, ಹೇಳಿದ್ದಾರೆ ಎಂಬುದಷ್ಟೇ ಇದೆ. ನಮ್ಮ ಎರಡಕ್ಷರಕ್ಕೆ ಅಲ್ಲಿ ನಾಲ್ಕು ಪದ ಬೇಕಾಯಿತು, ಆದರೂ ತೂಕ ಸರಿಯಾಗಿ ಬಂತು.

ಇಂಗ್ಲಿಷ್ ಬರೆಯುವ ನಮ್ಮ ಭಾಗದವರು ಹೆಚ್ಚಾಗಿ ಎಡವುವುದು ‘ಓನ್ಲಿ’ಯಲ್ಲಿ. ಕನ್ನಡದ ‘ಏ’ ತಾನು ಒತ್ತಿಹೇಳುವ ಪದಕ್ಕೆ ಅಂಟಿಕೊಂಡೇ ಇರುತ್ತದೆ: ಅವನೇ ಸಹಿ ಮಾಡಿದ, ಅವನು ಸಹಿಯನ್ನೇ ಮಾಡಿದ, ನನಗೇ ಕೊಟ್ಟ. ಇಂಗ್ಲಿಷಿನ ‘ಓನ್ಲಿ’ ಬಿಡಿಯಾಗಿ ತಿರುಗಾಡುವ ಪದ, ನಿಂತ ಜಾಗದಿಂದ ಅರ್ಥ ಪಡೆಯುತ್ತದೆ. ‘ಅವನೇ ಸಹಿ ಮಾಡಿದ’ ಎಂಬುದನ್ನು ‘ಹಿ ಓನ್ಲಿ ಸೈನ್ಡ್’ ಎಂದು ಬರೆದರೆ, ಅವನು ಸಹಿ ಮಾಡಿದನಷ್ಟೇ, ಪತ್ರ ಓದಲಿಲ್ಲ, ಹಣ ಪಡೆಯಲಿಲ್ಲ ಎಂಬರ್ಥ ಬರಬಹುದು. ಸಹಿ ನನ್ನದಲ್ಲ ಎಂಬ ವಾದವೇ ನಡೆಯುತ್ತಿರುವ ಪ್ರಕರಣದಲ್ಲಿ ಇದು ಸಣ್ಣ ತಪ್ಪಲ್ಲ. ‘ಇಟ್ ವಾಸ್ ಹಿ ಹೂ ಸೈನ್ಡ್’ ಎಂದು ಬರೆಯಬೇಕು. ವಾಕ್ಯ ಸ್ವಲ್ಪ ಉದ್ದವಾಗುತ್ತದೆ, ಆಗಲಿ.

ಸಂಬಂಧವಾಚಕಗಳ ವಿಷಯದಲ್ಲಿ ನಾನು ಇಂಗ್ಲಿಷಿನ ಮಿತವ್ಯಯವನ್ನು ಒಪ್ಪುವುದಿಲ್ಲ. ಪಾಲುದಾವೆಯಲ್ಲಿ ಕಾಕಾ, ದೊಡ್ಡಪ್ಪ, ಸೋದರಮಾವ ಮೂವರನ್ನೂ ‘ಅಂಕಲ್’ ಎಂದು ಬರೆದರೆ ವಂಶವೃಕ್ಷವೇ ಕಲಸಿಹೋಗುತ್ತದೆ. ಆದ್ದರಿಂದ ‘ಫಾದರ್ಸ್ ಯಂಗರ್ ಬ್ರದರ್’ ಎಂದು ಪ್ರತಿ ಸಲವೂ ಪೂರ್ತಿ ಬರೆಯುತ್ತೇನೆ. ಅಳತೆಯ ವಿಷಯವೂ ಹಾಗೆಯೇ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ ‘3-20’ ಎಂದರೆ ಮೂರೂವರೆ ಎಕರೆ, ಅದನ್ನು ‘3.20 ಎಕರ್ಸ್’ ಎಂದು ಚುಕ್ಕೆ ಹಾಕಿ ಬರೆದರೆ ಹನ್ನೆರಡು ಗುಂಟೆ ಜಮೀನು ಕಾಗದದ ಮೇಲೆ ಮಾಯವಾಗುತ್ತದೆ. ಉರ್ದು ಪತ್ರಗಳಿಗೆ ನಾನು ಆ ಭಾಷೆ ಬಲ್ಲ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತೇನೆ. ಅವುಗಳಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ ಇರುತ್ತದೆ. 590 ಕೂಡಿಸಿದರೆ ಇಸವಿ ಸಿಗುತ್ತದೆ, ಆದರೆ ಫಸಲಿ ವರ್ಷ ಜನವರಿಗೆ ಆರಂಭವಾಗುವುದಿಲ್ಲವಾದ್ದರಿಂದ 1340 ಫಸಲಿಯನ್ನು 1930-31 ಎಂದೇ ಬರೆಯುತ್ತೇನೆ, ಒಂದೇ ಇಸವಿಗೆ ಕಟ್ಟಿಹಾಕುವುದಿಲ್ಲ.

ಕೋರ್ಟಿನ ಇಂಗ್ಲಿಷಿನಲ್ಲಿ ‘ನಲ್ ಅಂಡ್ ವಾಯ್ಡ್’, ‘ವಿಲ್ ಅಂಡ್ ಟೆಸ್ಟಮೆಂಟ್’ ಎಂಬ ಜೋಡಿಗಳು ಬಹಳ. ಮೊದಲಿಗೆ ಇವು ನನಗೆ ಆಡಂಬರವಾಗಿ ಕಾಣುತ್ತಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟುಗಳಲ್ಲಿ ಫ್ರೆಂಚ್ ನೆಲೆಸಿತೆಂದೂ, ಜನರಿಗೆ ಆ ಭಾಷೆ ಅರ್ಥವಾಗುವುದಿಲ್ಲವೆಂದು 1362ರಲ್ಲಿ ಶಾಸನ ಮಾಡಿ ವಾದವನ್ನು ಇಂಗ್ಲಿಷಿನಲ್ಲೇ ನಡೆಸಬೇಕೆಂದರೆಂದೂ ಓದಿದ ಮೇಲೆ ನನ್ನ ನೋಟ ಬದಲಾಯಿತು. ಎರಡು ಭಾಷೆ ಬೆರೆತ ಕಡೆ ಇಂಥ ಜೋಡಿಗಳು ಹುಟ್ಟುತ್ತವೆ. ನಮ್ಮದೇ ‘ಕಾಗದಪತ್ರ’ ನೋಡಿ: ಕಾಗದ ಪಾರಸಿಯ ಕಡೆಯಿಂದ ಬಂದದ್ದು, ಪತ್ರ ಸಂಸ್ಕೃತದ್ದು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ನ್ಯಾಯ ಕೇಳಿದ ನಮ್ಮ ಸೀಮೆಯವನಿಗೆ, ತನ್ನ ನೆಲದ ಕೋರ್ಟಿನಲ್ಲಿ ತನ್ನ ಮಾತಿಗೇ ಜಾಗವಿರದ ಇಂಗ್ಲಿಷ್ ರೈತನ ಪಾಡು ಹೊಸದಲ್ಲ. ಈ ತಿಳಿವಳಿಕೆಯಿಂದ ಇಂಗ್ಲಿಷ್ ನನಗೆ ಇನ್ನಷ್ಟು ಹತ್ತಿರವಾಯಿತು. ಹಾಗೆಂದು ಜೋಡಿಪದಗಳನ್ನು ನಾನು ಬಳಸುವುದಿಲ್ಲ. ‘ವಾಯ್ಡ್’ ಒಂದೇ ಸಾಕಾದ ಕಡೆ ಒಂದನ್ನೇ ಬರೆಯುತ್ತೇನೆ. ‘ದಿ ಸೇಮ್’ ಎಂಬುದನ್ನು ಸರ್ವನಾಮದಂತೆ ಬಳಸುವ ರೂಢಿಯನ್ನೂ ಬಿಟ್ಟಿದ್ದೇನೆ, ‘ಇಟ್’ ಎಂಬ ಪದ ಇರುವಾಗ ಅದರ ಅಗತ್ಯವಿಲ್ಲ. ಆದರೆ ‘ಪ್ರಿಪೋನ್’ ಎಂಬ ನಮ್ಮ ದೇಶದ ಪದವನ್ನು ತಪ್ಪೆಂದು ತಿದ್ದುವವರ ಜೊತೆ ನಾನಿಲ್ಲ. ದಿನಾಂಕವನ್ನು ಮುಂಚಿತಗೊಳಿಸುವುದಕ್ಕೆ ಅಷ್ಟು ಚೊಕ್ಕವಾದ ಇನ್ನೊಂದು ಪದ ಇಂಗ್ಲಿಷಿನಲ್ಲಿ ನನಗೆ ಸಿಕ್ಕಿಲ್ಲ.

ಇಂಗ್ಲಿಷ್ ಬಾರದವರು ಇಂಗ್ಲಿಷ್ ಪ್ರಮಾಣಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ, ಇದನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಸಾಲು ಕೊನೆಯಲ್ಲಿರುತ್ತದೆ. ಆ ಸಾಲನ್ನು ನಾನು ಅಕ್ಷರಶಃ ಪಾಲಿಸುತ್ತೇನೆ. ನನ್ನ ಇಂಗ್ಲಿಷನ್ನು ಮುಂದಿಟ್ಟುಕೊಂಡು, ಮೂಲ ಕನ್ನಡ ನೋಡದೆ, ಮತ್ತೆ ಕನ್ನಡದಲ್ಲಿ ಹೇಳುತ್ತೇನೆ. ತಪ್ಪುಗಳು ಆಗಲೇ ಹೊರಬೀಳುತ್ತವೆ. ಕಳೆದ ಮಳೆಗಾಲದಲ್ಲಿ ಹಾಗೆ ಒಬ್ಬ ಅಜ್ಜಿಗೆ ಓದಿ ಹೇಳುತ್ತಿದ್ದೆ. ನಾನು ‘ಕಲ್ಟಿವೇಟೆಡ್’ ಎಂದು ಬರೆದಿದ್ದೆ, ಆದ್ದರಿಂದ “ನಿಮ್ಮ ಮಗ ಹೊಲ ಉಳ್ತಿದ್ದ” ಎಂದೆ. ಅಜ್ಜಿ ಕೈ ಎತ್ತಿ ತಡೆದಳು. “ಇಲ್ಲ ಯಪ್ಪಾ, ಉಳ್ತಿದ್ದಿಲ್ಲ. ನೋಡ್ಕೋತಿದ್ದ ಅಷ್ಟ. ಉಳವರು ಬ್ಯಾರೆ ಇದ್ರು.” ಮೂಲ ಹೇಳಿಕೆ ತೆಗೆದು ನೋಡಿದೆ, ಅಲ್ಲಿ ‘ನೋಡಿಕೊಳ್ಳುತ್ತಿದ್ದ’ ಎಂದೇ ಇತ್ತು. ಹೊಲ ಯಾರ ಸ್ವಾಧೀನದಲ್ಲಿತ್ತು ಎಂಬುದೇ ಆ ದಾವೆಯ ತಿರುಳಾಗಿತ್ತು. ‘ಕಲ್ಟಿವೇಟೆಡ್’ ಎಂಬುದನ್ನು ಹೊಡೆದು ‘ಲುಕ್ಡ್ ಆಫ್ಟರ್’ ಎಂದು ಬರೆದು, ಪುಟವನ್ನು ಹೊಸದಾಗಿ ಟೈಪ್ ಮಾಡಿ, ಮೊದಲ ಸಾಲಿನಿಂದ ಅಜ್ಜಿಗೆ ಮತ್ತೊಮ್ಮೆ ಓದಿ ಹೇಳಿದೆ.