ಮೊಡವೆ ಗುಂಡಿಗೆ ಮಳೆಗಾಲದ ಚಿಕಿತ್ಸೆ: ನನ್ನ ಅನುಭವ

ಚರ್ಮದಲ್ಲಿ ಸಣ್ಣ ಸಣ್ಣ ಚುಕ್ಕೆಯಾಗಿ ಸುಡುವ ಫ್ರಾಕ್ಷನಲ್ ಲೇಸರ್ ಇಲ್ಲದೆ ಮೊಡವೆ ಗುಂಡಿ ತುಂಬಿಸುತ್ತೇನೆ ಅಂದಾಗ ನಮ್ಮ ವೃತ್ತಿಯವರೇ ನಕ್ಕಿದ್ದರು. ಆಮೇಲೆ ಐದಾರು ಮಳೆಗಾಲ ಕಳೆದಿವೆ. ಕೊನೆತನಕ ಬಂದವರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜನ ಖುಷಿಯಾಗಿದ್ದಾರೆ. ಪೂರ್ತಿ ಹೋಗುತ್ತದೆ ಅಂತ ಯಾರಿಗೂ ಹೇಳುವುದಿಲ್ಲ. ಗುಂಡಿ ಅರ್ಧ ತುಂಬಿದರೆ ನನಗೆ ಸಾಕು.

ಲೇಸರ್ ಬೇಡ ಅನ್ನಲು ಮೊದಲ ಕಾರಣ ದುಡ್ಡು. ನನಗೆ ಬಂದ ಕೊಟೇಶನ್ ಎಂಟೊಂಬತ್ತು ಲಕ್ಷದ ಹತ್ತಿರ ಇತ್ತು. ವರ್ಷದ ಸರ್ವಿಸ್ ಖರ್ಚು ಬೇರೆ. ಮಡಿಕೇರಿಯಲ್ಲಿ ಜುಲೈ ತಿಂಗಳು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬ್ಯಾಂಕಿನ ಕಂತು ಮಾತ್ರ ತಾರೀಖಿಗೆ ಸರಿಯಾಗಿ ಬರುತ್ತದೆ. ನಾನು ಬಳಸುವ ಕ್ಯಾನುಲಾ (ಚರ್ಮದಡಿ ತೂರಿಸುವ ಮೊಂಡು ತುದಿಯ ಟೊಳ್ಳು ಸೂಜಿ) ಮತ್ತು ಟಿಸಿಎಗೆ (ಚರ್ಮಕ್ಕೆ ಹಾಕುವ ಟ್ರೈಕ್ಲೋರೋಅಸಿಟಿಕ್ ಆಸಿಡ್) ಕರೆಂಟೇ ಬೇಡ ಅಲ್ವಾ?

ಶುರು ಮಾಡಿದ್ದು ರೋಲರ್‌ನಿಂದ, ಅಂದರೆ ಮುಖದ ಮೇಲೆ ಉರುಳಿಸುವ ಸೂಜಿಗಳ ಉರುಳೆ. ಒಂದೂವರೆ ಮಿಲಿಮೀಟರ್ ಸೂಜಿ, ತಿಂಗಳಿಗೊಂದು ಸಿಟ್ಟಿಂಗ್. ಮುಖಕ್ಕೆ ಹೊಳಪು ಬಂತು, ಗುಂಡಿ ಹಾಗೇ ಇತ್ತು. ಅಲೆಯ ಹಾಗೆ ಅಗಲವಾಗಿ ತಗ್ಗಿದ ರೋಲಿಂಗ್ ಕಲೆಯನ್ನು ಅಡಿಯಿಂದ ನಾರು ಎಳೆದು ಹಿಡಿದಿರುವಾಗ ಮೇಲೆ ಸುಮ್ನೆ ಚುಚ್ಚಿ ಏನು ಪ್ರಯೋಜನ? ಕಿರಿದಾಗಿ ಆಳಕ್ಕಿಳಿದ ಐಸ್‌ಪಿಕ್ ತೂತಿನ ತಳಕ್ಕಂತೂ ಆ ಸೂಜಿ ಮುಟ್ಟುವುದೇ ಇಲ್ಲ. ಒಂದಿಬ್ಬರು ದುಡ್ಡು ವಾಪಸ್ ಕೇಳಿದರು. ಕೊಟ್ಟೆ.

ಆಮೇಲೆ ಕ್ರಾಸ್, ಅಂದರೆ ಚೂಪು ಕಡ್ಡಿಯ ತುದಿಯಿಂದ ಗುಂಡಿಯೊಳಗೆ ಮಾತ್ರ ಗಾಢ ಟಿಸಿಎ ಇಡುವುದು. 2002ರ ಕೊರಿಯಾದ ವರದಿಯಲ್ಲಿ 65ಕ್ಕಿಂತ 100 ಪರ್ಸೆಂಟ್ ಟಿಸಿಎಗೇ ಫಲ ಜಾಸ್ತಿ ಅಂತ ಇತ್ತು. ಫಲವೇನೋ ಬಂತು. ಆದರೆ ಫೆಬ್ರವರಿಯಲ್ಲಿ ಮಾಡಿಸಿಕೊಂಡವರಿಗೆ ಗುಂಡಿಯ ಜಾಗದಲ್ಲೆಲ್ಲ ಕಪ್ಪು ಚುಕ್ಕೆ. ನಾಲ್ಕೈದು ತಿಂಗಳು ಹೋಗಲಿಲ್ಲ. ಕಾಫಿ ಕೊಯ್ಲು ನೋಡಿಕೊಳ್ಳಲು ದಿನವಿಡೀ ಹೊರಗೇ ಇರುವವರಿಗೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿ ಅಂದರೆ ನಗುತ್ತಾರೆ.

ನಮ್ಮಲ್ಲಿ ತೊಡಕು ಏನೆಂದರೆ, ಕೈಗೆ ದುಡ್ಡು ಬರುವುದು ಕಾಫಿ ಮಾರಿದ ಮೇಲೆ, ಅದೂ ಬಿಸಿಲಿನಲ್ಲಿ. ಆಸಿಡ್ ಹಾಕಲು ಒಳ್ಳೆ ಕಾಲ ಜೂನ್‌ನಿಂದ ಸೆಪ್ಟೆಂಬರ್. ಆಗ ಜೇಬು ಖಾಲಿ. ಹಾಗಾಗಿ ಕೆಲಸವನ್ನೇ ಎರಡು ಪಾಲು ಮಾಡಿದೆ. ಜನವರಿಯಿಂದ ಮಾರ್ಚ್‌ವರೆಗೆ ಬರೀ ಸಬ್‌ಸಿಶನ್, ಅಂದರೆ ಕ್ಯಾನುಲಾ ತೂರಿಸಿ ಕಲೆಯನ್ನು ಅಡಿಯಿಂದ ಎಳೆದಿರುವ ನಾರು ಬಿಡಿಸುವುದು. ಮೇಲ್ಚರ್ಮ ಸುಡುವುದಿಲ್ಲ, ನೀಲಿಗಟ್ಟಿದ್ದು ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಇಡೀ ಚಿಕಿತ್ಸೆಯ ಹಣ, ಹದಿನೈದು ಸಾವಿರದ ಆಸುಪಾಸು, ಆಗಲೇ ತೆಗೆದುಕೊಳ್ಳುತ್ತೇನೆ. ಏಪ್ರಿಲ್, ಮೇ ಮದುವೆ ಸೀಸನ್. ಯಾರ ಮುಖವನ್ನೂ ಮುಟ್ಟುವುದಿಲ್ಲ. ಮಳೆ ಹಿಡಿದ ಮೇಲೆ ಕ್ರಾಸ್, ನಾಲ್ಕರಿಂದ ಆರು ವಾರಕ್ಕೊಮ್ಮೆ. ಗುಡ್ಡ ಜಾರಿ ರಸ್ತೆ ಮುಚ್ಚಿ ಸೋಮವಾರಪೇಟೆ ಕಡೆಯವರಿಗೆ ಒಂದು ಸಿಟ್ಟಿಂಗ್ ತಪ್ಪಿದರೂ ನಷ್ಟವಿಲ್ಲ. ಸನ್‌ಸ್ಕ್ರೀನ್ ಮಾತ್ರ ಬಿಡಿಸುವುದಿಲ್ಲ. ಮೋಡ ಇದ್ದರೂ ಬಿಸಿಲಿನ ಯುವಿ ಕಿರಣ ಬರುತ್ತದೆ.

ಈಗ ಹೆಚ್ಚಿನವರಿಗೆ 65 ಪರ್ಸೆಂಟೇ ಹಾಕುತ್ತೇನೆ. ತೂತಿನ ಅಂಚಿಗೆ ಆಸಿಡ್ ಹರಿದರೆ ಗುಂಡಿ ಅಗಲವಾಗುತ್ತದೆ, ಹಾಗಾಗಿ ಕಡ್ಡಿಯ ತುದಿಯಲ್ಲೇ ಇರುವುದು ಎಲ್ಲಾ. ಆ ತುದಿಯನ್ನು ನಾನು ಹೇಗೆ ಮಾಡಿಕೊಳ್ಳುತ್ತೇನೆ ಅಂತ ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್‌ಗೆ ಬಂದರೆ ತೋರಿಸುತ್ತೇನೆ. ಸಬ್‌ಸಿಶನ್ ಆದ ಮೇಲೆ ನಾರು ಮತ್ತೆ ಅಂಟಿಕೊಳ್ಳದಂತೆ ಮೂರನೇ ದಿನದಿಂದ ಸಣ್ಣ ಕಪ್ ಇಟ್ಟು ಚರ್ಮವನ್ನು ಮೇಲಕ್ಕೆ ಎಳೆಸುತ್ತೇನೆ. ಎಷ್ಟು ಹೊತ್ತು ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಪಿಆರ್‌ಪಿ ಕೂಡ ನೋಡಿದೆ, ಅಂದರೆ ಅವರದೇ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ. ರೋಲರ್ ಆಡಿಸಿ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಸಲೈನ್ (ಉಪ್ಪುನೀರು). ಎಲ್ಲರಿಗೂ ಹೇಳಿ, ಒಪ್ಪಿಸಿಯೇ ಮಾಡಿದ್ದು. ಆರು ತಿಂಗಳ ನಂತರ ಫೋಟೋ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಸೆಂಟ್ರಿಫ್ಯೂಜ್ ಮೂಲೆ ಸೇರಿತು. ಗೋಣಿಕೊಪ್ಪ ಕಡೆಯ ಹುಡುಗನೊಬ್ಬ ಆಸಿಡ್ ತಾನೇ ಅಂತ ಮನೆಯ ಕಾಚಂಪುಳಿಯನ್ನೇ (ಅಡುಗೆಗೆ ಹಾಕುವ ಕೊಡಗಿನ ಗಟ್ಟಿ ಹುಳಿರಸ) ಕೆನ್ನೆಗೆ ಹಚ್ಚಿಕೊಂಡು ಬಂದಿದ್ದ. ಕೆನ್ನೆ ಸುಟ್ಟು ಕಪ್ಪಾಗಿತ್ತು. ಪಂದಿಕರಿಗೆ (ಹಂದಿ ಸಾರು) ಹಾಕಪ್ಪ, ಮುಖಕ್ಕೆ ಬೇಡ ಅಂತ ಹೇಳಿ, ಮೂರು ತಿಂಗಳು ಕಾದು ಚಿಕಿತ್ಸೆ ಶುರು ಮಾಡಿದೆ.

ಹೊಸ ಮೊಡವೆ ನಿಲ್ಲದೆ ಯಾರನ್ನೂ ಟೇಬಲ್ ಹತ್ತಿಸುವುದಿಲ್ಲ. ದವಡೆ, ಎದೆಯ ಮೇಲೆ ಉಬ್ಬಿದ ಕಲೆ ಇದ್ದವರಿಗೂ ಈ ದಾರಿ ಅಲ್ಲ. ಮೂಗಿನ ಮೇಲಿನ ಆಳದ ತೂತಿಗೆ ಮಾತ್ರ ಇನ್ನೂ ಸಮಾಧಾನ ಸಿಕ್ಕಿಲ್ಲ. ಈ ಜೂನ್‌ನಲ್ಲಿ ಎರಡು ಮಿಲಿಮೀಟರ್ ಪಂಚ್‌ನಿಂದ (ಚರ್ಮವನ್ನು ದುಂಡಗೆ ಕತ್ತರಿಸುವ ಸಾಧನ) ತೆಗೆದು ಒಂದು ಹೊಲಿಗೆ ಹಾಕಿ ನೋಡುವವನಿದ್ದೇನೆ. ನಾಲ್ಕೈದು ಜನ ಈಗಾಗಲೇ ಒಪ್ಪಿದ್ದಾರೆ.